ಲೆಕ್ಕಕ್ಕೆ ಟ್ಯೂಷನ್ ಹುಡುಕೋ ಮೊದಲು ಹತ್ತು ನಿಮಿಷ ಮಗು ಪಕ್ಕ ಕೂರಿ

ಜೂನ್ ಬಂತೆಂದರೆ ಚಳ್ಳಕೆರೆಯ ಗೋಡೆ, ಕರೆಂಟ್ ಕಂಬಗಳಿಗೆಲ್ಲ ಹೊಸ ಪೋಸ್ಟರ್ ಬೀಳುತ್ತವೆ. ಅಬ್ಯಾಕಸ್, ವೇದ ಗಣಿತ, ನವೋದಯ-ಮೊರಾರ್ಜಿ ಕೋಚಿಂಗ್, ಒಂದರಿಂದ ಹತ್ತನೇ ಕ್ಲಾಸಿನವರೆಗೆ ಟ್ಯೂಷನ್. ಇದು ಸಾಲದು ಅಂತ ಅಪ್ಪ-ಅಮ್ಮಂದಿರ ಮೊಬೈಲಿಗೆ 'ಫ್ರೀ ಡೆಮೊ ಕ್ಲಾಸ್' ಕರೆಗಳು ಬೇರೆ. ಊರಲ್ಲಿರೋ ಅಣ್ಣ-ಅಕ್ಕಂದಿರು ಆಗ ನೆನಪಿಸಿಕೊಳ್ಳುವುದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮಂಥವರನ್ನು. ಒಂದು, ಸಲಹೆಗೆ. ಇನ್ನೊಂದು, ಫೀಸಿಗೆ.

ಈ ವರ್ಷ ನನ್ನಕ್ಕನ ಸರದಿ. ಮಗಳು 5ನೇ ತರಗತಿ, ಇಂಗ್ಲಿಷ್ ಮೀಡಿಯಂ. ಗಣಿತದ ಮಾರ್ಕ್ಸ್ ಎರಡು ವರ್ಷದಿಂದ ಇಳಿಯುತ್ತಲೇ ಇದೆ. ಟೆಸ್ಟ್ ಇರೋ ದಿನ ಬೆಳಿಗ್ಗೆ ಹೊಟ್ಟೆನೋವು ಅಂತ ಮಲಗುತ್ತಾಳೆ. ಆನ್‌ಲೈನ್ ಕ್ಲಾಸಿನ ಕಂಪನಿಯೊಂದು ವರ್ಷಕ್ಕೆ 36,000 ರೂಪಾಯಿ ಪ್ಯಾಕೇಜ್ ಹೇಳಿದೆ, ಇಎಂಐ ಸೌಲಭ್ಯವೂ ಇದೆಯಂತೆ. ಮಳೆ ನಂಬಿ ಶೇಂಗಾ ಹಾಕುವ ಭಾವನ ಮನೆಗೆ ಅದು ಸಣ್ಣ ದುಡ್ಡಲ್ಲ. "ನೀನು ಇಂಜಿನಿಯರು, ನೀನೇ ಹೇಳೋ. ಸೇರಿಸ್ಲಾ, ಬೇಡ್ವಾ?" ಅಂತ ಅಕ್ಕ ಕೇಳಿದಳು.

ನಮ್ಮ ಕೆಲಸದಲ್ಲಿ ಒಂದು ಪಾಠ ಬೇಗ ಕಲಿಸುತ್ತಾರೆ: ಬಗ್ ಎಲ್ಲಿದೆ ಅಂತ ಗೊತ್ತಾಗುವವರೆಗೂ ಕೋಡ್ ಮುಟ್ಟಬೇಡ. "ಈ ಭಾನುವಾರ ಬರ್ತೀನಿ, ಅಲ್ಲೀವರೆಗೂ ದುಡ್ಡು ಕಟ್ಟಬೇಡ" ಅಂದೆ.

ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡೋದು ಹೇಗೆ?

ಇದಕ್ಕೆ ದೊಡ್ಡ ಪರೀಕ್ಷೆ ಬೇಡ. 'ಪ್ರಥಮ್' ಸಂಸ್ಥೆಯ ಬೆಂಬಲದಿಂದ 2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಯಲ್ಲಿ ಕಾರ್ಯಕರ್ತರು ಹಳ್ಳಿಗಳ ಮನೆಮನೆಗೆ ಹೋಗಿ ಮಗುವಿನ ಮುಂದೆ ಒಂದೇ ಹಾಳೆ ಇಡುತ್ತಾರೆ. 1ರಿಂದ 9ರವರೆಗಿನ ಅಂಕಿ ಗುರುತಿಸುವುದು, 11ರಿಂದ 99ರೊಳಗಿನ ಸಂಖ್ಯೆ ಓದುವುದು, ದಶಕ ತೆಗೆದುಕೊಂಡು ಮಾಡುವ ಎರಡಂಕಿ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಅಷ್ಟೇ. ಮಗು ಯಾವ ತರಗತಿಯಲ್ಲಿದೆ ಅನ್ನುವುದಕ್ಕಿಂತ ಯಾವ ಮೆಟ್ಟಿಲಿನಲ್ಲಿ ನಿಂತಿದೆ ಅನ್ನುವುದು ಅದರಲ್ಲಿ ಕಾಣುತ್ತದೆ.

ಅದೇ ರೀತಿ ನಾನೂ ಒಂದು ಹಾಳೆ ಬರೆದುಕೊಂಡು ಹೋದೆ. ಸೊಸೆ ಮೊದಲೆರಡು ಮೆಟ್ಟಿಲು ಸಲೀಸಾಗಿ ದಾಟಿದಳು. 503ರಲ್ಲಿ 267 ಕಳೆ ಅಂದಾಗ 364 ಅಂತ ಬರೆದಳು. ಅಕ್ಕ "ಅಯ್ಯೋ, ಇಷ್ಟೂ ಬರಲ್ವಾ?" ಅಂತ ಬಾಯಿ ಬಿಡೋ ಮೊದಲೇ ನಾನು ಕಣ್ಸನ್ನೆ ಮಾಡಿದೆ. "ಹೇಗೆ ಮಾಡಿದೆ ಪುಟ್ಟಾ, ಹೇಳು" ಅಂದೆ. "ಮೂರಕ್ಕೂ ಏಳಕ್ಕೂ ನಾಲ್ಕು, ಸೊನ್ನೆಗೂ ಆರಕ್ಕೂ ಆರು, ಐದಕ್ಕೂ ಎರಡಕ್ಕೂ ಮೂರು ಮಾಮ."

ನೋಡಿ, ಇದು ಅಜಾಗರೂಕತೆಯೂ ಅಲ್ಲ, ದಡ್ಡತನವೂ ಅಲ್ಲ. ಅವಳದೇ ಒಂದು ನಿಯಮ ಇದೆ: ಪ್ರತಿ ಸಾಲಿನಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆ. ಅವಳ ಕಣ್ಣಿಗೆ 503 ಅಂದರೆ ಅಕ್ಕಪಕ್ಕ ಕೂತ ಮೂರು ಬಿಡಿ ಅಂಕಿ. ಐದು ನೂರು, ಸೊನ್ನೆ ಹತ್ತು, ಮೂರು ಬಿಡಿ ಅನ್ನುವುದು ಕೂತಿಲ್ಲ. ಸ್ಥಾನಬೆಲೆ 2-3ನೇ ತರಗತಿಯಲ್ಲೇ ಗಟ್ಟಿಯಾಗಬೇಕಿತ್ತು. ಅದಿಲ್ಲದೆ 5ನೇ ಕ್ಲಾಸಿನ ಭಾಗಾಕಾರ, ದಶಮಾಂಶ ಎಲ್ಲವೂ ಕುಸಿಯುತ್ತವೆ.

ಬ್ರಹ್ಮಗಿರಿಯ 256

ಸ್ಥಾನಬೆಲೆ ಮಕ್ಕಳಿಗೆ ಕಷ್ಟ ಆಗುವುದರಲ್ಲಿ ಆಶ್ಚರ್ಯ ಇಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆಯಲ್ಲ, ಅದರಲ್ಲಿ 256 ಅನ್ನುವ ಸಂಖ್ಯೆ ಬರುತ್ತದೆ. ಆದರೆ ಅದನ್ನು ನಮ್ಮ ಹಾಗೆ 2, 5, 6 ಅಂತ ಕೆತ್ತಿಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಇನ್ನೊಂದು, ಆರಕ್ಕೆ ಮತ್ತೊಂದು. ಅಂಕಿ ಕೂತ ಜಾಗಕ್ಕೇ ಬೆಲೆ ಕೊಡುವ ಪದ್ಧತಿ ರೂಢಿಗೆ ಬರಲು ಅಲ್ಲಿಂದ ಇನ್ನೂ ನೂರಾರು ವರ್ಷ ಹಿಡಿಯಿತು. ದೊಡ್ಡವರ ಲೋಕಕ್ಕೇ ಅಷ್ಟು ಕಾಲ ಬೇಕಾದ ವಿಷಯ ಹತ್ತು ವರ್ಷದ ಮಗುವಿಗೆ ಒಂದೇ ಪೀರಿಯಡ್‌ನಲ್ಲಿ ಹತ್ತಲಿಲ್ಲ ಅಂದರೆ ಬೈಯುವುದು ಯಾಕೆ?

ಸೊಸೆಗೆ 100, 10, 1 ರೂಪಾಯಿಯ ಆಟದ ನೋಟು ಮಾಡಿಕೊಟ್ಟೆ. 503 ಇಟ್ಟುಕೊಂಡು 267 ಕೊಡಬೇಕಾದಾಗ "ಮಾಮ, ನೂರಕ್ಕೆ ಚಿಲ್ಲರೆ ಬೇಕು" ಅಂದಳು. ಆ ಚಿಲ್ಲರೆಯೇ ದಶಕ ತೆಗೆದುಕೊಳ್ಳುವುದು. ಕೊನೆಗೆ ಕೈಯಲ್ಲಿ ಉಳಿದಿದ್ದು 236.

ಯಾವ ತೊಂದರೆಗೆ ಯಾವ ಸಹಾಯ?

ತೊಂದರೆ ಗೊತ್ತಾದ ಮೇಲೆ ಪೋಸ್ಟರುಗಳನ್ನು ಓದುವ ರೀತಿಯೇ ಬದಲಾಗುತ್ತದೆ.

ಅಬ್ಯಾಕಸ್: ಬಾಯಿಲೆಕ್ಕದ ವೇಗ, ಗಮನ ಹೆಚ್ಚಬಹುದು. ಆದರೆ ಭಿನ್ನರಾಶಿ, ರೇಖಾಗಣಿತ, ವಾಕ್ಯರೂಪದ ಲೆಕ್ಕ ಅದರ ಪಠ್ಯದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಶಾಲೆ ಗಣಿತಕ್ಕೆ ಬದಲಿ ಅಂತ ಸೇರಿಸಬೇಡಿ.

ವರ್ಕ್‌ಶೀಟ್ ಪದ್ಧತಿ: 1954ರಲ್ಲಿ ಜಪಾನಿನ ಗಣಿತ ಶಿಕ್ಷಕ ತೋರು ಕುಮೋನ್ ತಮ್ಮ ಮಗನಿಗೆಂದು ದಿನಕ್ಕೊಂದಿಷ್ಟು ಲೆಕ್ಕ ಬರೆದುಕೊಟ್ಟಿದ್ದೇ ಇದರ ಮೂಲ. ಅರ್ಥವಾಗಿದೆ, ರೂಢಿ ಇಲ್ಲ ಅನ್ನುವ ಮಗುವಿಗೆ ಒಳ್ಳೆಯದು. ಅರ್ಥವೇ ಆಗದ ಮಗುವಿಗೆ ತಪ್ಪೇ ರೂಢಿಯಾಗಬಹುದು.

ಒಬ್ಬರಿಗೊಬ್ಬರು ಕೂತು ಕಲಿಯುವುದು: ಇದಕ್ಕೆ ಬಲವಿದೆ. 1984ರಲ್ಲಿ ಬೆಂಜಮಿನ್ ಬ್ಲೂಮ್ ಇದರ ದೊಡ್ಡ ಲಾಭದ ಬಗ್ಗೆ ಬರೆದರು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣದಿದ್ದರೂ ಲಾಭ ಇರುವುದು ನಿಜ. ಹೇಳಿಕೊಡುವವರು ಪಕ್ಕದ ಬೀದಿಯವರಾದರೂ ಸರಿ, ಪರದೆ ಮೇಲಿನವರಾದರೂ ಸರಿ, ಮಗು ಮಾತಾಡಬೇಕು, ಅವರು ಕೇಳಿಸಿಕೊಳ್ಳಬೇಕು. ಮೂವತ್ತು ಮಕ್ಕಳ ಹೋಂವರ್ಕ್ ಮುಗಿಸಿ ಕಳಿಸುವ ಟ್ಯೂಷನ್ ಈ ಲೆಕ್ಕಕ್ಕೆ ಬರುವುದಿಲ್ಲ.

ಉಚಿತ ಆ್ಯಪ್: ಅಕ್ಷರ ಫೌಂಡೇಶನ್ನಿನ 'ಬಿಲ್ಡಿಂಗ್ ಬ್ಲಾಕ್ಸ್' ಕನ್ನಡದಲ್ಲೂ ಇದೆ. ಖಾನ್ ಅಕಾಡೆಮಿಯಲ್ಲೂ ಕನ್ನಡ ಪಾಠಗಳಿವೆ. ಸರ್ಕಾರಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾದಲ್ಲಿ ಪಾಠ ತೆರೆಯುತ್ತದೆ. ಆದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರದಿದ್ದರೆ ಐದನೇ ನಿಮಿಷಕ್ಕೆ ಯೂಟ್ಯೂಬ್ ಓಪನ್ ಆಗಿರುತ್ತದೆ.

ಇನ್ನೊಂದು ಮಾತು. "ನಮ್ಮ ಸ್ಕೂಲ್ ಟೀಚರೇ ಮನೇಲಿ ಟ್ಯೂಷನ್ ಹೇಳ್ತಾರೆ" ಅನ್ನುವವರು ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ನೋಡಬೇಕು. ಶಿಕ್ಷಕರು ಖಾಸಗಿ ಪಾಠ ಹೇಳುವಂತಿಲ್ಲ. ಶಾಲೆಯಲ್ಲೇ ಹೋಗಿ "ನನ್ನ ಮಗು ಇಲ್ಲಿ ಸಿಕ್ಕಿಕೊಂಡಿದೆ" ಅಂತ ಕೇಳಲು ಮಾತ್ರ ದುಡ್ಡೂ ಬೇಡ, ಸಂಕೋಚವೂ ಬೇಡ.

ಮೊಳಕಾಲ್ಮುರಿನ ಹುಡುಗನ ಕಥೆಯೇ ಬೇರೆ

ನನ್ನ ಕಾಲೇಜು ಗೆಳೆಯನದು ಮೊಳಕಾಲ್ಮುರಿನ ನೇಕಾರರ ಮನೆ. ಅವನ ಅಣ್ಣನ ಮಗ ಸರ್ಕಾರಿ ಶಾಲೆಯಲ್ಲಿ 8ನೇ ತರಗತಿ. ರೇಷ್ಮೆ ನೂಲಿನ ತೂಕ, ಸೀರೆಯ ಕೂಲಿ, ಅಂಗಡಿ ಬಾಕಿ ಎಲ್ಲ ಬಾಯಲ್ಲೇ ಹೇಳುತ್ತಾನೆ. ಆದರೂ ಪರೀಕ್ಷೆಯಲ್ಲಿ ಮಾರ್ಕ್ಸ್ ಸಾಧಾರಣ. ಮನೆಯವರು ಅವನನ್ನೂ ಟ್ಯೂಷನ್‌ಗೆ ಹಾಕುವ ಯೋಚನೆಯಲ್ಲಿದ್ದರು.

ಅದೇ ಹಾಳೆ ಕೊಟ್ಟೆವು, ಎಲ್ಲ ಮೆಟ್ಟಿಲೂ ದಾಟಿದ. ವಾಕ್ಯದ ಲೆಕ್ಕಕ್ಕೆ ಬಂದಾಗ ನಿಂತ. ಆಂಧ್ರದ ಗಡಿಗೆ ಅಂಟಿದ ಊರು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಪುಸ್ತಕದ ಕನ್ನಡ. 'ಅಸಲು', 'ಅನುಪಾತ', 'ವಿಲೋಮ' ಅನ್ನುವ ಪದಗಳಲ್ಲಿ ಅವನು ಎಡವುತ್ತಿದ್ದ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ತನ್ನ ಮಾತಲ್ಲಿ ಹೇಳಿ, ಆಮೇಲೆ ಬಿಡಿಸು ಅಂದರೆ ಬಿಡಿಸುತ್ತಾನೆ. ಇವನಿಗೆ ಬೇಕಾಗಿದ್ದು ಗುರಿ.

ಆ ಗುರಿ ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ 8ನೇ ತರಗತಿ ಮಕ್ಕಳಿಗೆ, ಪೋಷಕರ ವರ್ಷದ ಆದಾಯ 3.5 ಲಕ್ಷ ಮೀರದಿದ್ದರೆ ಅವಕಾಶ. ತಲಾ 90 ಪ್ರಶ್ನೆಗಳ ಎರಡು ಪತ್ರಿಕೆ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಟ್ಯೂಷನ್ನಿಗೆ ದುಡ್ಡು ಕೊಡುವ ಬದಲು ಗಣಿತದಿಂದಲೇ ದುಡ್ಡು ಬರುವ ದಾರಿ. ಅವನ ಗಣಿತ ಮೇಷ್ಟ್ರು ಹಳೇ ಪತ್ರಿಕೆ ಕೊಟ್ಟಿದ್ದಾರೆ. ಗೆಳೆಯ ರಾತ್ರಿ ವಿಡಿಯೊ ಕಾಲ್‌ನಲ್ಲಿ ವಾರಕ್ಕೆರಡು ಸಲ ಕೂರುತ್ತಾನೆ.

ದುಡ್ಡು ಕಟ್ಟೋ ಮೊದಲು ಕೇಳಿ

• ನನ್ನ ಮಗು ಎಲ್ಲಿ ಸಿಕ್ಕಿಕೊಂಡಿದೆ ಅಂತ ನೀವು ಹೇಗೆ ಪತ್ತೆ ಮಾಡ್ತೀರಿ?
• ಬ್ಯಾಚಿನಲ್ಲಿ ಎಷ್ಟು ಮಕ್ಕಳು? ಪ್ರತಿಸಲ ಅದೇ ಟೀಚರಾ?
• ಮಗುವಿಗೆ ಅರ್ಥವಾಗೋ ಭಾಷೆಯಲ್ಲಿ ಹೇಳ್ತೀರಾ?
• ತಿಂಗಳ ಫೀಸ್ ಇದೆಯಾ? ಇಎಂಐ ಅಂದರೆ ಸಾಲ ಯಾರ ಹೆಸರಲ್ಲಿ? ಮಧ್ಯೆ ಬಿಟ್ಟರೆ ಏನು?
• ಮೂರು ತಿಂಗಳಾದ ಮೇಲೆ ಏನು ಬದಲಾಗಿರಬೇಕು?

ನವೋದಯ ಕೋಚಿಂಗ್‌ಗೂ ಇದೇ ಮಾತು. 6ನೇ ತರಗತಿ ಪ್ರವೇಶ ಪರೀಕ್ಷೆಯ 80 ಪ್ರಶ್ನೆಗಳಲ್ಲಿ ಅಂಕಗಣಿತ 20. ಅಡಿಪಾಯ ಅಲುಗಾಡುವ ಮಗುವಿಗೆ ಶಾರ್ಟ್‌ಕಟ್ ಕಲಿಸಿದರೆ ಪರೀಕ್ಷೆ ಮುಗಿದ ಮಾರನೇ ದಿನವೂ ಅಡಿಪಾಯ ಅಲುಗಾಡುತ್ತಲೇ ಇರುತ್ತದೆ.

ಅಕ್ಕ ಈ ಐದು ಪ್ರಶ್ನೆ ಕೇಳಿದಾಗ ಕಂಪನಿಯವರು ಮೂರಕ್ಕೆ ಉತ್ತರ ಕೊಡಲಿಲ್ಲ, 'ಆಫರ್ ಇವತ್ತೇ ಲಾಸ್ಟ್' ಅಂದರು. ಎರಡು ಬೀದಿ ಆಚೆ, ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗಿಯೊಬ್ಬಳು ನಾಲ್ಕೇ ಮಕ್ಕಳನ್ನು ಕೂರಿಸಿಕೊಳ್ಳುತ್ತಾಳೆ, ತಿಂಗಳಿಗೆ 700. ಆಕೆ 3ನೇ ತರಗತಿಯ ಪುಸ್ತಕದಿಂದಲೇ ಶುರು ಮಾಡಿದಳು. ಮೊದಮೊದಲು ಸೊಸೆಗೆ ಅವಮಾನ ಅನ್ನಿಸಿತಂತೆ, ವಾರದಲ್ಲಿ ಸರಿಹೋಯಿತು. ಭಾವನ ಪಾಲಿಗೆ ಒಂದು ಕೆಲಸ ಕೊಟ್ಟಿದ್ದೇವೆ: ದಿನಕ್ಕೊಂದು ಮನೆಲೆಕ್ಕ. "ಕ್ವಿಂಟಲ್ ಶೇಂಗಾ 6,200 ಆದ್ರೆ 35 ಕೆಜಿಗೆ ಎಷ್ಟಮ್ಮಾ?"

ಮೂರು ತಿಂಗಳಾಯಿತು. ಕಳೆಯುವ ಲೆಕ್ಕ ತಪ್ಪುತ್ತಿಲ್ಲ, ಭಾಗಾಕಾರ ಇನ್ನೂ ನಿಧಾನ. ಮಾರ್ಕ್ಸ್ ಏರಿದ್ದು ಸ್ವಲ್ಪವೇ. ಆದರೆ ಕಳೆದ ಟೆಸ್ಟಿನ ದಿನ ಹೊಟ್ಟೆನೋವು ಬರಲಿಲ್ಲ. ಭಾವನ ಶೇಂಗಾ ಲೆಕ್ಕಕ್ಕೆ ಅವಳು ತೆಗೆದುಕೊಂಡಿದ್ದು ನಾಲ್ಕು ನಿಮಿಷ. 2,170 ಅಂತ ಹೇಳಿ, "ಅಪ್ಪಾ, ನೀನೂ ಮಾಡಿ ನೋಡು" ಅಂದಳಂತೆ.