ನಿಮಗಿದು ಗೊತ್ತೆ? – ಬೇಲಿಯೇ ಹೊಲ ಮೇಯುವ ಜ್ವರ

ಬಸವಕಲ್ಯಾಣವಿನ್ನೂ ಕಲ್ಯಾಣಿಯೆನಿಸಿ, ಹುಮನಾಬಾದಿನೊಡನೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ 1918ರಲ್ಲಿ, ಮುಂಬಯಿಯಿಂದ ಒಳನಾಡಿಗೆ ಹಬ್ಬಿ ಭಾರತದಲ್ಲಿ ಕೋಟಿಗೂ ಮಿಕ್ಕ ಪ್ರಾಣಗಳನ್ನು ಹರಣಮಾಡಿದ ಇನ್‌ಫ್ಲುಯೆಂಜಾ ಮಹಾಮಾರಿಯು, 20ರಿಂದ 40ರ ಪ್ರಾಯದ ದೃಢಕಾಯರನ್ನೇ ವಿಶೇಷವಾಗಿ ಬಲಿಗೊಂಡಿತು. ಇದಕ್ಕೆ ವಿಜ್ಞಾನಿಗಳು ಊಹಿಸುವ ಕಾರಣಗಳಲ್ಲೊಂದು ವಿಚಿತ್ರವಾದುದು: ವೈರಾಣುವು ಶ್ವಾಸಕೋಶದ ಗಾಳಿಗೂಡುಗಳನ್ನು ಹೊಕ್ಕಾಗ ದೇಹವು ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನುಗಳನ್ನು ಮಿತಿಮೀರಿ ಸ್ರವಿಸಲು, ಅವುಗಳ ಕರೆಗೆ ಧಾವಿಸಿದ ಬಿಳಿ ರಕ್ತಕಣಗಳು ಶತ್ರುವಿನೊಡನೆ ಆ ಗೂಡುಗಳ ತೆಳುಪೊರೆಯನ್ನೂ ಘಾತಿಸಿ, ಸೂಕ್ಷ್ಮ ರಕ್ತನಾಳಗಳಿಂದ ದ್ರವವು ಒಸರಿ ತುಂಬಿ, ಆಮ್ಲಜನಕಕ್ಕೆ ಎಡೆಯಿಲ್ಲದಂತಾಗುವುದು. ಆದರೂ ಅಂದಿನ ಸಾವುಗಳೆಲ್ಲವನ್ನೂ ಇದರ ತಲೆಗೇ ಕಟ್ಟುವುದು ನ್ಯಾಯವಲ್ಲ. ಬಹುಪಾಲು ಮರಣಗಳಿಗೆ ಜ್ವರದ ಬೆನ್ನಿಗೇ ಬಂದೆರಗಿದ ಬ್ಯಾಕ್ಟೀರಿಯಾ ನ್ಯುಮೋನಿಯವು ಹೇತುವಾಗಿತ್ತು. ಅಂಥ ಬ್ಯಾಕ್ಟೀರಿಯಾಗಳನ್ನು ಮಣಿಸಬಲ್ಲ ಪೆನಿಸಿಲಿನ್ ಎಂಬ ಔಷಧಿಯು ಆಗಿನ್ನೂ ಇರಲಿಲ್ಲ; ಅದು ಪತ್ತೆಯಾದುದು 1928ರಲ್ಲಿ.