ಲೈನ್‌ಮನ್ ಅಪ್ಪ, ಕಂಬವಿಲ್ಲದ ಮನೆ

"ನಿಮ್ಮನೆಗೆ ಕರೆಂಟ್ ಬಿಲ್ಲೇ ಬರಲ್ವಂತೆ, ನೀರಿನ ಬಿಲ್ಲೂ ಇಲ್ವಂತೆ! ಪುಣ್ಯವಂತರು ಬಿಡಿ." ಹೈದರಾಬಾದಿನ ಆಫೀಸಿನಲ್ಲಿ ಕನ್ನಡದವರು ಯಾರಾದರೂ ಸಿಕ್ಕರೆ ಈ ಮಾತು ಬಂದೇ ಬರುತ್ತದೆ. ನಾನು ನಕ್ಕು ಸುಮ್ಮನಾಗುತ್ತೇನೆ. ಬಿಲ್ ಬರುವುದಿಲ್ಲ, ನಿಜ. ಆದರೆ ಬಿಲ್ ಕಳಿಸುವವರು ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ನಾವೇ ಮಾಡಬೇಕು ಎನ್ನುವುದನ್ನು ಲಿಫ್ಟಿನಲ್ಲಿ ನಿಂತು ವಿವರಿಸುವುದು ಕಷ್ಟ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ. ವಾರಕ್ಕೆ ಎರಡು ದಿನ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ಆ ಮನೆ ಇರುವುದು ಜಹೀರಾಬಾದ್ ಬಳಿ, ನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ. 1956ಕ್ಕೆ ಮೊದಲು ಬೀದರ್ ಜಿಲ್ಲೆಗೇ ಸೇರಿದ್ದ ಸೀಮೆ ಇದು. ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ. ನಾಲ್ಕು ವರ್ಷದ ಹಿಂದೆ ನಾನೂ ನನ್ನ ಗಂಡನೂ ಇಲ್ಲಿ ಎರಡು ಎಕರೆ ಕೊಂಡೆವು. ಕೊನೆಯ ಕರೆಂಟ್ ಕಂಬ ಒಂದೂವರೆ ಕಿಲೋಮೀಟರ್ ದೂರ. ಅಲ್ಲಿಂದ ಲೈನ್ ಎಳೆಸುವ ಖರ್ಚು ಲೆಕ್ಕ ಹಾಕಿ, ಆ ದುಡ್ಡನ್ನು ಸೋಲಾರ್‌ಗೆ ಹಾಕಿದೆವು.

ನಮ್ಮ ದಿನ 5.30ಕ್ಕೆ ಶುರು. ಮುಖ ತೊಳೆಯುವ ಮೊದಲೇ ಬ್ಯಾಟರಿಯ ವೋಲ್ಟೇಜ್ ನೋಡಬೇಕು. ನಮ್ಮದು 24 ವೋಲ್ಟಿನ ವ್ಯವಸ್ಥೆ. 24.4ಕ್ಕಿಂತ ಕೆಳಗಿದ್ದರೆ ರಾತ್ರಿ ಅರ್ಧಕ್ಕಿಂತ ಹೆಚ್ಚು ಖರ್ಚಾಗಿದೆ, ಇವತ್ತು ಕೈ ಬಿಗಿ ಹಿಡಿಯಬೇಕು ಎಂದರ್ಥ. ಮಿಕ್ಸಿ, ವಾಷಿಂಗ್ ಮಷಿನ್, ಬಾವಿಯ ಪಂಪು ಮೂರೂ 11ರಿಂದ 2 ಗಂಟೆಯೊಳಗೆ, ಅದೂ ಒಂದಾದ ಮೇಲೊಂದು. ದೋಸೆಹಿಟ್ಟು ರುಬ್ಬುವುದಕ್ಕೂ ಬಿಸಿಲು ನೋಡಬೇಕು. ಗಂಡ ಕೊಟ್ಟಿಗೆ ಬಳಿದು, 25 ಕೆ.ಜಿ. ಸಗಣಿಗೆ ಅಷ್ಟೇ ನೀರು ಕಲಸಿ ಗೋಬರ್ ಗ್ಯಾಸ್ ಗುಂಡಿಗೆ ಸುರಿಯುತ್ತಾರೆ. ಒಂದು ಒಲೆ ಎರಡು ಮೂರು ಗಂಟೆ ಉರಿಯುತ್ತದೆ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾಗಿ, ಅನ್ನಕ್ಕಿಟ್ಟ ನೀರು ಕುದಿಯುವಷ್ಟರಲ್ಲಿ ಉರಿ ಮಂಕಾಗುತ್ತದೆ. ಅದಕ್ಕೆಂದೇ ಒಂದು ಸಿಲಿಂಡರ್ ಮೂಲೆಯಲ್ಲಿದೆ.

ನೀರಿನ ಲೆಕ್ಕ ಇನ್ನೂ ಕಟ್ಟುನಿಟ್ಟು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ 60 ಚದರ ಮೀಟರ್ ಚಾವಣಿಗೆ 800 ಮಿ.ಮೀ. ಮಳೆಯಾದರೆ 48,000 ಲೀಟರ್. ಸೋರಿ ಆವಿಯಾಗಿ ಹೋಗುವುದನ್ನು ಕಳೆದರೂ 38,000 ಲೀಟರ್ ಆದೀತು. ಆದರೆ ನಮ್ಮ ತೊಟ್ಟಿ ಹಿಡಿಯುವುದು 20,000 ಮಾತ್ರ. ಮಳೆಯಿಲ್ಲದ 240 ದಿನಕ್ಕೆ ಹಂಚಿದರೆ ದಿನಕ್ಕೆ 80 ಲೀಟರ್ ಚಿಲ್ಲರೆ. ಮೂರು ಜನರ ಕುಡಿಯುವ ನೀರು, ಅಡುಗೆ, ಸ್ನಾನ ಎಲ್ಲ ಅದರಲ್ಲೇ. ದನಕ್ಕೂ ಗಿಡಕ್ಕೂ ಬಟ್ಟೆಗೂ ಹಳೆಯ ಬಾವಿಯಿದೆ. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ.

ಈ ಮೂರನೆಯ ಜೀವ ಅಪ್ಪ. ಅಮ್ಮ ತೀರಿಕೊಂಡ ಮೇಲೆ, ಯುಗಾದಿ ಕಳೆದು ಅವರನ್ನು ಹಿರಿಯೂರಿನಿಂದ ಕರೆತಂದೆ. ಅಪ್ಪ ಲೈನ್‌ಮನ್ ಆಗಿದ್ದವರು. ಸೇರುವಾಗ ಕೆಇಬಿ, ನಿವೃತ್ತರಾಗುವಾಗ ಬೆಸ್ಕಾಂ. ಕಾರಿನಿಂದ ಇಳಿದವರೇ ಮನೆಯ ಸುತ್ತ ಒಂದು ಸುತ್ತು ಹಾಕಿ, "ಸರ್ವಿಸ್ ವೈರ್ ಎಲ್ಲಮ್ಮ?" ಎಂದರು. ಇಲ್ಲ ಎಂದೆ. ಬಹಳ ಹೊತ್ತು ಮಾತಾಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೇಳಿದರು: "ಮೂವತ್ತನಾಲ್ಕು ವರ್ಷ ಕಂಬ ಹತ್ತಿದೀನಿ. ಭಾಗ್ಯಜ್ಯೋತೀಲಿ ಗುಡಿಸಲು ಗುಡಿಸಲಿಗೂ ಒಂದೊಂದು ಬಲ್ಬು ಕೊಟ್ಟಿದೀವಿ. ನನ್ನ ಮಗಳೇ ಕಂಬ ಇಲ್ಲದ ಮನೇಲಿ ಕೂತಳಲ್ಲ." ದೀಪಾವಳಿವರೆಗೆ ಇರುತ್ತೇನೆ, ಆಮೇಲೆ ಊರಿಗೆ ಹೋಗುತ್ತೇನೆ ಎಂದೂ ಸೇರಿಸಿದರು. ಊರಿನ ಮನೆಯಲ್ಲಿ ಅವರೊಬ್ಬರೇ. ಸಕ್ಕರೆ ಕಾಯಿಲೆ ಬೇರೆ, ದಿನಕ್ಕೆರಡು ಸಲ ಇನ್ಸುಲಿನ್. ನಾನು ವಾದ ಮಾಡಲಿಲ್ಲ. ಆದರೆ ಪ್ರತಿ ಸಂಜೆ ಅವರು ಬೇಲಿಯ ಹತ್ತಿರ ನಿಂತು ದೂರದ ಹಳ್ಳಿಯ ದೀಪಗಳನ್ನು ನೋಡುವಾಗ ಒಳಗೆ ಚುಚ್ಚುತ್ತಿತ್ತು.

ಜುಲೈನಲ್ಲಿ ಮಳೆ ಹಿಡಿಯಿತು. ಬಿಸಿಲಿದ್ದರೆ ದಿನಕ್ಕೆ 4-5 ಯೂನಿಟ್ ಕೊಡುವ ಪ್ಯಾನೆಲ್‌ಗಳು ಒಂದು ಯೂನಿಟ್ಟನ್ನೂ ಕೊಡಲಿಲ್ಲ. ಮೊದಲು ವಾಷಿಂಗ್ ಮಷಿನ್ ನಿಲ್ಲಿಸಿದೆವು, ಆಮೇಲೆ ಮಿಕ್ಸಿ, ಆಮೇಲೆ ಫ್ಯಾನು. ನಾಲ್ಕನೆಯ ರಾತ್ರಿ ಇನ್ವರ್ಟರ್ ಕೂಗಿಕೊಂಡು ಬಂದ್ ಆಯಿತು. ಫ್ರಿಜ್ಜಿನಲ್ಲಿ ಅಪ್ಪನ ಎರಡು ತಿಂಗಳ ಇನ್ಸುಲಿನ್ ಇತ್ತು.

ಇಂಥ ಹೊತ್ತಿಗೆಂದೇ ನಾನೊಂದು ಉಪಾಯ ಮಾಡಿಟ್ಟಿದ್ದೆ: ಒಂದು ಮಡಕೆಯೊಳಗೆ ಇನ್ನೊಂದು ಮಡಕೆ, ನಡುವೆ ಒದ್ದೆ ಮರಳು. ಬೇಸಿಗೆಯಲ್ಲಿ ಅದರಲ್ಲಿ ಸೊಪ್ಪು ಬಾಡದೆ ಉಳಿದಿತ್ತು. ಬಾಟಲಿಗಳನ್ನು ಅದರಲ್ಲಿಟ್ಟು ಥರ್ಮಾಮೀಟರ್ ಇಳಿಬಿಟ್ಟೆ. ಹೊರಗೆ 27 ಡಿಗ್ರಿ, ಒಳಗೆ 26. ಬಳಸುತ್ತಿರುವ ಬಾಟಲಿಯಾದರೆ ಆ ಶಾಖದಲ್ಲೂ ಕೆಲವು ವಾರ ತಡೆಯುತ್ತದೆ. ತೆರೆಯದೆ ಕೂಡಿಟ್ಟವು 2ರಿಂದ 8 ಡಿಗ್ರಿಯಲ್ಲಿರಬೇಕು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಈ ಮಳೇಲಿ ಬಟ್ಟೆ ಒಣಗ್ತದೇನಮ್ಮ? ನೀರು ಆರದೇ ಇದ್ರೆ ಮಡಕೆ ತಣ್ಣಗಾಗೋದು ಹೆಂಗೆ?" ಎಂದರು. ಬಿಸಿಲು ಕೈಕೊಟ್ಟ ದಿನವೇ ಮಡಕೆಯೂ ಕೈಕೊಡುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ರಾತ್ರಿ 9ಕ್ಕೆ ಟಾರ್ಚು ಹಿಡಿದು, ಬಾಟಲಿಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು, ಕೆಸರಿನಲ್ಲಿ ನಡೆದು ಪಕ್ಕದ ಹೊಲದವರ ಮನೆಗೆ ಹೋದೆವು. ಅವರದು ಕಂಬದ ಕರೆಂಟು. ಆ ಮನೆಯಾಕೆ, "ಇದಕ್ಯಾಕ ಇಷ್ಟು ಸಂಕೋಚ ಮಾಡ್ಲತ್ತೀರಿ ಅಕ್ಕಾರ? ಫ್ರಿಜ್‌ನಾಗ ಹಾಲು ಮೊಸರು ಬಿಟ್ರ ಏನದ? ಇಡ್ರಿ" ಎಂದರು. ಸ್ವಾವಲಂಬನೆಯ ಬಗ್ಗೆ ಆಫೀಸಿನಲ್ಲಿ ನಾನು ಕೊಟ್ಟಿದ್ದ ಭಾಷಣಗಳೆಲ್ಲ ಆ ಹೊತ್ತಿಗೆ ನೆನಪಾದವು.

ಮರುದಿನ ಬೆಳಗ್ಗೆ ಅಪ್ಪ ಸ್ಪ್ಯಾನರ್ ಕೇಳಿದರು. ರಬ್ಬರ್ ಗ್ಲೌಸ್ ಹಾಕಿ, ಮೊದಲು ಫ್ಯೂಸ್ ತೆಗೆದು, ಬ್ಯಾಟರಿಗಳನ್ನು ಒಂದೊಂದಾಗಿ ನೋಡಿದರು. ಒಂದರ ಟರ್ಮಿನಲ್ ಮೇಲೆ ಕಿಲುಬು ಬೂದಿಯಂತೆ ಕೂತಿತ್ತು, ನಟ್ಟು ಸಡಿಲ. ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್ ಗೆರೆಯಿಂದ ಕೆಳಗಿತ್ತು. ಆಫೀಸಿನ ಗಡಿಬಿಡಿಯಲ್ಲಿ ಎರಡು ತಿಂಗಳಿಂದ ನಾನು ಮುಚ್ಚಳ ತೆಗೆದೇ ಇರಲಿಲ್ಲ. ತಪ್ಪೆಲ್ಲ ಮೋಡದ್ದು ಎಂದುಕೊಂಡಿದ್ದೆ. ಅಪ್ಪ ಉಜ್ಜಿ, ಬಿಗಿದು, ವ್ಯಾಸಲೀನ್ ಸವರಿದರು. "ಕಂಬದ್ದಾದ್ರೂ ಬಿಸಿಲಿಂದಾದ್ರೂ ಕರೆಂಟು ಒಂದೇ ಕಣಮ್ಮ. ಲೂಸ್ ಕನೆಕ್ಷನ್ ಇದ್ರೆ ಎರಡೂ ನಿಲ್ತವೆ."

ಅವರ ಬೆನ್ನು ನೋಡುತ್ತ ಕೂತಿದ್ದ ನನಗೆ ಹಿರಿಯೂರಿನ ಮಳೆಯ ರಾತ್ರಿಗಳು ನೆನಪಾದವು. ಗಾಳಿಗೆ ಕರೆಂಟ್ ಹೋದಾಗ ಅಪ್ಪ ರೇನ್‌ಕೋಟ್ ಹಾಕಿ ಹೊರಡುತ್ತಿದ್ದರು. ಅಮ್ಮ ಊಟ ಮುಚ್ಚಿಟ್ಟು ಕಾಯುತ್ತಿದ್ದಳು. ದೀಪ ಬಂದೊಡನೆ ಬೀದಿಯ ಮಕ್ಕಳೆಲ್ಲ "ಬಂತು!" ಎಂದು ಕಿರುಚುತ್ತಿದ್ದೆವು, ಅವರ ಜೊತೆ ನಾನೂ. ಅಪ್ಪ ಎಲ್ಲೋ ಒದ್ದೆ ಕಂಬದ ಮೇಲಿದ್ದಾರೆ ಎಂಬುದು ಆಗ ತಲೆಗೆ ಬರುತ್ತಿರಲಿಲ್ಲ.

ಊರು ಬಿಟ್ಟು ದುಡಿಯುವ ನಮ್ಮಲ್ಲಿ ಅನೇಕರಿಗೆ ಒಂದೆರಡು ಎಕರೆಯ ಕನಸಿದೆ. ಅಂಥವರು ಕೇಳಿದರೆ ನಾನೀಗ ಪೂರ್ತಿ ಲೆಕ್ಕ ಹೇಳುತ್ತೇನೆ. ಹಾಲು, ತೊಗರಿ, ಜೋಳ, ತರಕಾರಿ, ನೀರು, ಬೆಳಕು ನಮ್ಮದೇ. ಉಪ್ಪು, ಎಣ್ಣೆ, ಸಕ್ಕರೆ, ಚಹಾಪುಡಿ, ಬಟ್ಟೆ, ಔಷಧಿ, ಇಂಟರ್ನೆಟ್ಟು ಹೊರಗಿನವು. ಬ್ಯಾಟರಿಗಳನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಆ ದುಡ್ಡು ಬರುವುದು ನನ್ನ ಸಂಬಳದಿಂದ. ಸಂಬಳ ನಿಂತರೆ ಈ ಬದುಕು ಹೀಗೇ ನಡೆಯುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಪ್ಯಾನೆಲ್ ಎಷ್ಟು ಎನ್ನುವುದಕ್ಕಿಂತ ಮೊದಲು, ಅವರ ಔಷಧಿ ಮೋಡದ ದಿನ ಎಲ್ಲಿರುತ್ತದೆ ಎಂದು ಕೇಳಿಕೊಳ್ಳಿ. ನಮ್ಮಲ್ಲೀಗ ಒಂದು ಬಾಟಲಿ ಮಾತ್ರ ಮನೆಯಲ್ಲಿ, ಉಳಿದವು ಪಕ್ಕದ ಹೊಲದವರ ಫ್ರಿಜ್ಜಿನಲ್ಲಿ. ಅವರಿಗೆ ದಿನಾ ಒಂದು ಲೀಟರ್ ಹಾಲು ಹೋಗುತ್ತದೆ.

ದೀಪಾವಳಿ ಬಂದು ಹೋಯಿತು. ಊರಿಗೆ ಟಿಕೆಟ್ ಮಾಡಿಸಲೇ ಎಂದು ನಾನು ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಜುಲೈನಿಂದ ಅವರು ಒಂದು ರಿಜಿಸ್ಟರ್ ಇಟ್ಟಿದ್ದಾರೆ: ದಿನಾಂಕ, ವೋಲ್ಟೇಜ್, ಮೋಡವೋ ಬಿಸಿಲೋ, ಕೊನೆಯಲ್ಲಿ ಸಹಿ. ಮೊನ್ನೆ ಅದನ್ನು ತೆರೆದು ನೋಡಿದೆ. ಆ ದಿನದ ಸಾಲಿನ ಕೆಳಗೆ ಹೀಗೆ ಬರೆದಿತ್ತು: "ಡಿಸ್ಟಿಲ್ಡ್ ವಾಟರ್ 5 ಲೀಟರ್ ತರಿಸುವುದು. ಮುಂದಿನ ತಪಾಸಣೆ, ಜನವರಿ."