ಬಾಲಮೂಳೆ ಹತ್ತಿರದ ಗಂಟು: ನಾಚಿಕೆ ಬಿಟ್ಟು ಬೇಗ ತೋರಿಸಿ

ಮತ್ತಿಘಟ್ಟ: ತಾಸುಗಟ್ಟಲೆ ಕೂತು ಅಡಿಕೆ ಸುಲಿಯುವವರಿಗೆ ಸೊಂಟ ನೋವು ಹೊಸದಲ್ಲ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಕೊಂಡು ಸುಮ್ಮನಾಗುತ್ತೇವೆ. ಆದರೆ ಕೂತಾಗ ಬಾಲಮೂಳೆ ಬಳಿ ಒತ್ತಿದ ಹಾಗಾಗುವುದು, ಮಲಬದ್ಧತೆ, ಪದೇ ಪದೇ ಮೂತ್ರ ಬರುವುದು ತಿಂಗಳುಗಟ್ಟಲೆ ನಡೆದರೆ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು. ಅಪರೂಪಕ್ಕೆ ಇದರ ಹಿಂದೆ ‘ಎಪಿಡರ್ಮಾಯ್ಡ್ ಸಿಸ್ಟ್’ ಇರುತ್ತದೆ.

ಏನಿದು?
ಭ್ರೂಣ ಬೆಳೆಯುವಾಗ ಚರ್ಮವಾಗಬೇಕಿದ್ದ ಕೆಲವು ಜೀವಕೋಶಗಳು ಕಿಬ್ಬೊಟ್ಟೆಯ ಆಳದಲ್ಲೇ ಸಿಕ್ಕಿಕೊಳ್ಳುತ್ತವೆ. ಚರ್ಮದಂತೆ ಅವೂ ಪದರ ಉದುರಿಸುತ್ತವೆ. ಹೊರಹೋಗಲು ದಾರಿ ಇಲ್ಲದೆ ಅದೆಲ್ಲ ಚೀಲದೊಳಗೇ ಮೊಸರಿನಂತೆ ತುಂಬುತ್ತದೆ. ಗುದನಾಳದ ಹಿಂದಿನ ಇಂಥ ಗಂಟು ಹೆಂಗಸರಲ್ಲೇ ಹೆಚ್ಚು. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕೀವಾದಾಗ ಕುರು, ಫಿಸ್ತುಲಾ ಎಂದೂ, ಕೆಲವೊಮ್ಮೆ ಅಂಡಾಶಯದ ಗಡ್ಡೆ ಎಂದೂ ತಪ್ಪು ತಿಳಿಯುವುದುಂಟು.

ಪತ್ತೆ ಹೇಗೆ?
ಗುದದ್ವಾರದಲ್ಲಿ ಬೆರಳಿಟ್ಟು ನೋಡುವ ಸರಳ ಪರೀಕ್ಷೆಯಲ್ಲೇ ಎಷ್ಟೋ ಗಂಟು ಕೈಗೆ ಸಿಗುತ್ತವೆ. ನಾಚಿಕೆಗೆ ಬೇಡ ಅಂದುಬಿಟ್ಟರೆ ಅಲ್ಲೇ ತಪ್ಪಿತು! ಮುಂದೆ ಅಲ್ಟ್ರಾಸೌಂಡ್, ನಂತರ ಎಂ.ಆರ್.ಐ. ಗಂಟು ಎಲ್ಲಿದೆ, ಬೆನ್ನುಹುರಿಗೆ ಸಂಬಂಧ ಇದೆಯೇ ಎಂದು ಎಂ.ಆರ್.ಐ.ನಲ್ಲಿ ಚೆನ್ನಾಗಿ ತಿಳಿಯುತ್ತದೆ. ಇಂಥ ಗಂಟಿಗೆ ಸೂಜಿ ಚುಚ್ಚಿ ನೋಡುವುದನ್ನು ಸಾಮಾನ್ಯವಾಗಿ ಮಾಡುವುದಿಲ್ಲ, ಸೋಂಕು ತಗುಲಬಹುದು.

ಚಿಕಿತ್ಸೆ
ಮಾತ್ರೆ, ಕಷಾಯಕ್ಕೆ ಇದು ಕರಗುವುದಿಲ್ಲ. ಚೀಲ ಒಡೆಯದಂತೆ ಇಡಿಯಾಗಿ ತೆಗೆಯಬೇಕು. ಚೂರು ಉಳಿದರೂ ಮತ್ತೆ ಬೆಳೆಯಬಹುದು. ಗಂಟು ಮೇಲಿದ್ದರೆ ಹೊಟ್ಟೆಯ ಕಡೆಯಿಂದ, ಈಗೀಗ ಲ್ಯಾಪರೋಸ್ಕೋಪಿಯಲ್ಲಿ. ಕೆಳಗಿದ್ದರೆ ಬೆನ್ನಿನ ಕಡೆಯಿಂದ ಶಸ್ತ್ರಚಿಕಿತ್ಸೆ. ಕೆಲವರಿಗೆ ಬಾಲಮೂಳೆಯನ್ನೂ ತೆಗೆಯಬೇಕಾಗುತ್ತದೆ. ತೆಗೆದ ಗಂಟನ್ನು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಇರುವುದು ತೀರಾ ಅಪರೂಪ. ಹಾಗಂತ ವರದಿ ನೋಡದೆ ಬಿಡಬೇಡಿ.

ಎಲ್ಲಿಗೆ ಹೋಗೋದು?
ಮೊದಲು ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆಯಲ್ಲಿ ತೋರಿಸಿ. ದೊಡ್ಡ ಶಸ್ತ್ರಚಿಕಿತ್ಸೆಗೆ ನಮ್ಮ ಕಡೆಯವರು ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೋ, ಮಂಗಳೂರು, ಮಣಿಪಾಲಕ್ಕೋ ಹೋಗುವುದು ಗೊತ್ತೇ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ವಿಚಾರಿಸಿಕೊಳ್ಳಿ.

ಗಂಟು ಸಣ್ಣದಿದ್ದಾಗ ತೆಗೆಯುವುದು ಸಲೀಸು. ಮನೆಯಲ್ಲಿ ಅಮ್ಮನೋ ಅತ್ತೆಯೋ ಕೂರಲಾಗದೆ ಮಗ್ಗುಲು ಬದಲಿಸುತ್ತಿದ್ದರೆ ಒಮ್ಮೆ ಕೇಳಿ ನೋಡಿ. ಅವರಾಗೇ ಹೇಳುವುದು ಕಷ್ಟ.